ನಂತರ ಯಕ್ಷಗಾನ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರಿಗೆಲ್ಲ ಗೊತ್ತಿರುವ ಫ್ರೆಂಚ್ ಶಬ್ದ ಒಂದೇ: ಬೋರ್ಡೋ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವುದರೊಳಗೆ ಕೊನೆಗೆ ಹೊಡೆಸಿದರೆ ಕೊಳೆ ದೂರ. ಹೊಡೆಸದೆ ಪೇಟೆಯಲ್ಲಿ ಕೂತು ದರದ ಚರ್ಚೆ ಮಾಡಿದರೆ ದರ ಉಳಿಯುತ್ತದೆ, ಅಡಿಕೆ ಉಳಿಯುವುದಿಲ್ಲ. ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ನೀರು ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದ್ದನ್ನು ಕಂಡ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧಿಯೆಂದು ಪ್ರಕಟಿಸಿದ. ಮುಂದೆ ಮೈಸೂರು ಸೀಮೆಯಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೂ ಅದನ್ನೇ ಬಳಕೆಗೆ ತಂದರು. ಕಳ್ಳರಿಗೆಂದು ಮಾಡಿದ್ದು ಕೊಳೆಯನ್ನು ಓಡಿಸಿತು.

ಹೀಗಾಗಿ ಫ್ರೆಂಚರ ಮೇಲೆ ನಮಗೊಂದು ನಂಬಿಕೆ. ದೀಪಾವಳಿಯ ದೊಡ್ಡಬ್ಬಕ್ಕೆ ಪ್ಯಾರಿಸಿನಿಂದ ಬಂದ ಅಣ್ಣನ ಮಗಳು ಎರಡು ವಸ್ತು ತಂದಳು. ಒಂದು ಚೀಸು. ಅದನ್ನು ಮೂಸಿದ ಮನೆಯ ನಾಯಿ ಎರಡು ದಿನ ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಇನ್ನೊಂದು, ಅಲ್ಲಿಯ ಒಂದು ನಾಟಕಶಾಲೆ ಹೊಸ ಹಂಗಾಮಿಗೆಂದು ಹೊರತಂದ ಪುಸ್ತಿಕೆ. ಸೆಪ್ಟೆಂಬರಿನಿಂದ ಮುಂದಿನ ಬೇಸಗೆವರೆಗೆ ಯಾವ ನಾಟಕ, ಬರೆದವರು ಯಾರು, ಆಡಿಸುವವರು ಯಾರು, ಆಡುವವರು ಯಾರು, ಯಾವ ದಿನ, ಎಷ್ಟು ಗಂಟೆಗೆ, ಟಿಕೇಟು ಎಷ್ಟು. ಮುಗಿಯಿತು.

ದೊಡ್ಡಪ್ಪ ಕವಳ ಮೆಲ್ಲುತ್ತ ಪುಟ ತಿರುವಿದರು. ಹಿಂದಿನಿಂದ ಮುಂದಕ್ಕೂ ತಿರುವಿದರು.

"ಇದ್ರಲ್ಲಿ ಅಧ್ಯಕ್ಷರು ಯಾರು?"

"ಅಧ್ಯಕ್ಷರು ಅಂತ ಯಾರೂ ಇಲ್ಲೆ ಅಜ್ಜ."

"ಉದ್ಘಾಟನೆ?"

"ಅದೂ ಇಲ್ಲೆ."

"ಹಂಗಾರೆ ನಾಟ್ಕ ಹ್ಯಾಂಗೆ ಶುರು ಆಗ್ತು?"

"ಕೋಲಲ್ಲಿ ಮೂರು ಸಲ ನೆಲ ಕುಟ್ತ. ಪರದೆ ಏಳ್ತು."

ದೊಡ್ಡಪ್ಪ ಪುಸ್ತಿಕೆ ಮುಚ್ಚಿ ಮಣೆಯ ಮೇಲಿಟ್ಟರು. ಮುಖದಲ್ಲಿ ನಿಜವಾದ ಕನಿಕರವಿತ್ತು. "ಪಾಪ, ಒಂದು ಶಾಲಿಗೂ ಗತಿ ಇಲ್ಲೆ ಕಾಣ್ತು."

ಅದೇ ವಾರ ನಮ್ಮ ಕೈಗೂ ಒಂದು ಆಮಂತ್ರಣ ಬಂತು. ದೀಪಾವಳಿ ಕಳೆದರೆ ಮೇಳಗಳು ಗೆಜ್ಜೆ ಕಟ್ಟುವ ಕಾಲ. ಮಳೆಗಾಲವಿಡೀ ತಾಳಮದ್ದಲೆಯಲ್ಲಿ ಬಾಯಿಗೆ ಮಾತ್ರ ಕೆಲಸವಿದ್ದ ಯಕ್ಷಗಾನಕ್ಕೆ ಈಗ ಕಾಲಿಗೂ ಕೆಲಸ. ಇಲ್ಲಿಂದ ಮೇ ತಿಂಗಳವರೆಗೆ ತಿರುಗಾಟ. ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಘಟ್ಟ ಹತ್ತಿ ಬರುತ್ತವೆ, ಊರೂರಿನ ಸಂಘಗಳು ಆಟ ಕಟ್ಟಿಸುತ್ತವೆ. ಆಮಂತ್ರಣ ಕಳಿಸಿದ್ದು ಅಂಥದೇ ಒಂದು ಸಂಘ. ಹೆಸರು ಬೇಡ. ಮೂರು ತಾಲೂಕಿನಲ್ಲಿ ಯಾವ ಸಂಘದ ಹೆಸರು ಹಾಕಿಕೊಂಡು ಓದಿದರೂ ನಡೆಯುತ್ತದೆ.

ಕಾರ್ಡು ಮದುವೆ ಕಾರ್ಡಿಗಿಂತ ದಪ್ಪ. ಮಡಿಕೆ ಬಿಚ್ಚಿದರೆ ಘನ ಉಪಸ್ಥಿತಿ ಒಬ್ಬರು, ಗೌರವ ಉಪಸ್ಥಿತಿ ಮೂವರು. ಘನಕ್ಕೂ ಗೌರವಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ದೇಣಿಗೆಯ ರಸೀದಿ ನೋಡಬೇಕು. ಮುಂದೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿ ಆರು ಮಂದಿ. ಆರು ಮಂದಿ ಮುಖ್ಯರಾದಾಗ ಅಮುಖ್ಯರು ಯಾರೆಂದರೆ ನಾವು, ಚಾಪೆಯ ಮೇಲೆ ಕೂರುವವರು. ಪ್ರಾಸ್ತಾವಿಕ, ಆಶಯ ನುಡಿ, ಅಭಿನಂದನಾ ನುಡಿ, ನಿರೂಪಣೆ, ವಂದನಾರ್ಪಣೆ. ಸನ್ಮಾನಿತರು ಎಂಟು. ಇಷ್ಟೆಲ್ಲ ಮುಗಿದು ಇನ್ನು ಕಾಗದವೇ ಮುಗಿಯುತ್ತದೆ ಎನ್ನುವಾಗ ತುದಿಯಲ್ಲಿ ಒಂದು ಸಾಲು: 'ನಂತರ: ಯಕ್ಷಗಾನ.' ಪ್ರಸಂಗದ ಹೆಸರು ಓದಲು ದೊಡ್ಡಪ್ಪನ ಕನ್ನಡಕವನ್ನು ನನ್ನ ಕನ್ನಡಕದ ಮೇಲಿಟ್ಟುಕೊಳ್ಳಬೇಕಾಯಿತು. ರಾಮ ನಿರ್ಯಾಣ. ಭಾಗವತರ ಹೆಸರು ಇತ್ತು, ಮದ್ದಲೆಯವರದು ಅರ್ಧ ಇತ್ತು, ಚಂಡೆಯವರು 'ಮುಂತಾದವರು' ಆಗಿದ್ದರು.

ಇಡೀ ಕಾರ್ಡಿನಲ್ಲಿ ಪ್ರಾಮಾಣಿಕವಾದ ಶಬ್ದವೆಂದರೆ ಆ 'ನಂತರ'.

ಸಮಯ ಸಂಜೆ ಆರು. ಇದಕ್ಕೆಲ್ಲ ಹೊಸಬಳಾದ ಅಣ್ಣನ ಮಗಳು ಆರಕ್ಕೆ ಹತ್ತು ನಿಮಿಷವಿರುವಾಗಲೇ ಹೋಗಿ ಕೂತಳು. ಮೈದಾನದಲ್ಲಿ ಅವಳು, ಶಾಮಿಯಾನದ ಹುಡುಗ, ಒಂದು ದನ. ಮೈಕಿನವರು "ಹಲೋ, ಹಲೋ, ಒಂದು, ಎರಡು" ಎನ್ನುತ್ತಿದ್ದರು. ಮೂರು ಬರಲೇ ಇಲ್ಲ. ಫ್ರೆಂಚರು ಮೂರಕ್ಕೆ ಪರದೆ ಏಳಿಸುತ್ತಾರೆ, ನಾವು ಎರಡಕ್ಕೇ ನಿಲ್ಲುತ್ತೇವೆ.

ಏಳೂ ಕಾಲಿಗೆ ಸಭೆ ಸುರುವಾಯಿತು. ಇದನ್ನು ಸಭೆ ಎಂದು ನೋಡಿದರೆ ಆಕಳಿಕೆ ಬರುತ್ತದೆ. ಆಟ ಎಂದು ನೋಡಿದರೆ ನಮ್ಮವರು ಯಕ್ಷಗಾನವನ್ನು ಎಷ್ಟು ಆಳವಾಗಿ ಕಲಿತಿದ್ದಾರೆಂದು ಗೊತ್ತಾಗುತ್ತದೆ. ನಿರೂಪಕರೇ ಭಾಗವತರು. ಒಬ್ಬೊಬ್ಬ ಅತಿಥಿಗೂ ಒಂದೊಂದು ಪದ್ಯ ಹೇಳಿ ಒಳಕ್ಕೆ ಕರೆಯುತ್ತಾರೆ. ಮೊದಲ ಸಾಲಿನಲ್ಲಿ ಅರ್ಧ ತಾಸಿನಿಂದ ಇದಕ್ಕೇ ಕಾದು ಕೂತಿದ್ದ ಅತಿಥಿ, ತನ್ನ ಹೆಸರು ಕೇಳಿದೊಡನೆ ಬೆಚ್ಚಿಬೀಳಬೇಕು, ಎದೆ ಮುಟ್ಟಿಕೊಂಡು "ನಾನಾ?" ಎಂಬಂತೆ ಸುತ್ತ ನೋಡಬೇಕು, ಎದ್ದು ಎಲ್ಲ ದಿಕ್ಕಿಗೂ ಕೈಮುಗಿಯುತ್ತ ಮೆಟ್ಟಿಲು ಹತ್ತಬೇಕು. ಇದು ಒಡ್ಡೋಲಗ. ತಡವಾಗಿ ನಾಲ್ಕು ಜನ ಹಿಂಬಾಲಕರೊಂದಿಗೆ ಸಭೆಯ ಹಿಂಬದಿಯಿಂದ ಬರುವವರದು ಬಣ್ಣದ ವೇಷದ ಒಡ್ಡೋಲಗ. ಅಟ್ಟಹಾಸವೊಂದೇ ಬಾಕಿ, ಅದನ್ನು ಅವರ ಮೊಬೈಲು ಪೂರೈಸುತ್ತದೆ.

ಪ್ರಾಸ್ತಾವಿಕವೆಂದರೆ ತಾಳಮದ್ದಲೆಯ ಪೀಠಿಕೆ. ಆದರೆ ತಾಳಮದ್ದಲೆಯಲ್ಲಿ ಪೀಠಿಕೆ ಉದ್ದವಾದರೆ ಎದುರಾಳಿ ಅರ್ಥಧಾರಿ ಒಂದು ಪ್ರಶ್ನೆ ಹಾಕಿ ನೆಲಕ್ಕಿಳಿಸುತ್ತಾನೆ. ಇಲ್ಲಿ ಎದುರಾಳಿ ಇಲ್ಲ. "ಸಮಯದ ಅಭಾವ ಇರುವುದರಿಂದ ಎರಡೇ ಮಾತು" ಎಂದು ಸುರುಮಾಡಿದವರು ಸಮಯದ ಅಭಾವವನ್ನು ನಲವತ್ತು ನಿಮಿಷ ನಿರ್ಮಾಣ ಮಾಡಿದರು. ಉದ್ಘಾಟಕರ ಭಾಷಣ ಹತ್ತು ವರ್ಷದಿಂದ ನನಗೆ ಬಾಯಿಪಾಠ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಸೂಡಿ ಹಿಡಿದು ಗದ್ದೆ ದಾಟಿ ಆಟಕ್ಕೆ ಹೋದದ್ದು, ಕಂಬಳಿ ಹೊದ್ದು ಬೆಳಗಿನ ತನಕ ನೋಡಿದ್ದು, ಯಕ್ಷಗಾನ ವಿಶ್ವಗಾನ ಆಗಬೇಕಾದ್ದು, ಮಕ್ಕಳು ಮೊಬೈಲು ಬಿಡಬೇಕಾದ್ದು, ಕಲೆಯನ್ನು ಉಳಿಸಬೇಕಾದ್ದು. ಕೊನೆಯ ವಾಕ್ಯವೂ ಬದಲಾಗುವುದಿಲ್ಲ: "ಇನ್ನೊಂದು ಕಾರ್ಯಕ್ರಮ ಇರುವುದರಿಂದ ನಾನು ಹೊರಡಲು ಅನುಮತಿ ಬೇಡುತ್ತೇನೆ." ಕಲೆಯನ್ನು ಉಳಿಸಬೇಕೆಂದು ಕರೆ ಕೊಟ್ಟವರು ಕಲೆ ಸುರುವಾಗುವ ಮೊದಲು ಎದ್ದು ಹೋದರು. ಉಳಿಸುವ ಕೆಲಸ ಚಾಪೆಯವರಿಗೆ.

ಆಮೇಲೆ ಶಾಲು.

ಈ ಜರತಾರಿ ಶಾಲಿನ ಬಗ್ಗೆ ಯಾರಾದರೂ ಪ್ರಬಂಧ ಬರೆದು ಡಾಕ್ಟರೇಟು ತೆಗೆದುಕೊಳ್ಳಬೇಕು. ಹೊದ್ದರೆ ಚಳಿ ಹೋಗದು, ಹಾಸಿದರೆ ಮೈ ತುರಿಸುತ್ತದೆ, ಒರೆಸಿದರೆ ನೀರು ಹೀರದು. ಆದ್ದರಿಂದ ಅದು ಮನೆಯಲ್ಲಿ ನಿಲ್ಲುವುದಿಲ್ಲ. ಶಿರಸಿಯಲ್ಲಿ ಹೊದಿಸಿದ ಶಾಲು ಯಲ್ಲಾಪುರದ ನಿವೃತ್ತಿ ಸಮಾರಂಭಕ್ಕೆ ಹೋಗುತ್ತದೆ, ಅಲ್ಲಿಂದ ಸಿದ್ದಾಪುರದ ಸಹಕಾರಿ ಸಂಘದ ವಾರ್ಷಿಕ ಸಭೆಗೆ, ಮತ್ತೆ ಶಿರಸಿಗೆ. ಒಮ್ಮೆ ನನಗೆ ಹೊದಿಸಿದ ಶಾಲಿನ ಅಂಚಿನಲ್ಲಿ ನಮ್ಮನೆಯದೇ ಅರಿಶಿಣದ ಕಲೆ ಇತ್ತು. ಮೇಳದ ತಿರುಗಾಟ ಆರೇಳು ತಿಂಗಳಿಗೆ ಮುಗಿಯುತ್ತದೆ, ಶಾಲಿನದು ಮಳೆಗಾಲದಲ್ಲೂ ನಿಲ್ಲದು.

ಮೂರನೇ ಶಾಲಿನ ಹೊತ್ತಿಗೆ ನಾನೆದ್ದು ಬಣ್ಣ ಹಚ್ಚುವ ಚೌಕಿಗೆ ಹೋದೆ. ಕೇದಗೆ ಮುಂದಲೆ ಕಟ್ಟಿಕೊಂಡ ಒಬ್ಬ ಕಲಾವಿದರು ಟ್ರಂಕಿನ ಮೇಲೆ ನೆಟ್ಟಗೆ ಕೂತಿದ್ದರು. ಮುಂದಲೆಯ ಬಟ್ಟೆ ಬಿಗಿದು ಕಟ್ಟದಿದ್ದರೆ ಕುಣಿತಕ್ಕೆ ಸಡಿಲವಾಗುತ್ತದೆ, ಬಿಗಿದರೆ ತಲೆ ಸಿಡಿಯುತ್ತದೆ. ಹಣೆಯ ನರ ಎದ್ದಿತ್ತು. ಗಲ್ಲದ ಬಣ್ಣ ಒಣಗಿ, ನಕ್ಕರೆ ಬಿರುಕು ಬಿಡುವಂತಿತ್ತು. ಹಾಗಾಗಿ ಅವರು ನಗುತ್ತಿರಲಿಲ್ಲ. ಆರು ಗಂಟೆಗೆ ಆಟವೆಂದು ನಂಬಿ ನಾಲ್ಕಕ್ಕೇ ಬಣ್ಣಕ್ಕೆ ಕೂತವರು. ಪಕ್ಕದಲ್ಲಿ ಲೋಟದಲ್ಲಿ ಚಹಾ, ಅದರೊಳಗೆ ಒಂದು ಸ್ಟ್ರಾ.

"ಎಷ್ಟು ಶಾಲು ಬಾಕಿ ಉಂಟು ಹೆಗಡೇರೆ?"

"ಐದು."

"ಹಂಗಾದ್ರೆ ಮುಂದಲೆ ಒಂದ್ಸಲ ಬಿಚ್ಚಿ ಮತ್ತೆ ಕಟ್ಬಹುದು."

ಚೌಕಿಯಲ್ಲಿ ಹೊತ್ತನ್ನು ಈಗ ಗಂಟೆಯಲ್ಲಿ ಅಳೆಯುವುದಿಲ್ಲ, ಶಾಲಿನಲ್ಲಿ ಅಳೆಯುತ್ತಾರೆ.

ಹೊರಗೆ ಬಂದಾಗ ದೊಡ್ಡಪ್ಪ ಕಂಬಳಿ ಸರಿಮಾಡಿಕೊಳ್ಳುತ್ತಿದ್ದರು. "ತಮಾ, ಆಟ ಶುರು ಆತನ?"

"ಇಲ್ಲೆ. ಇನ್ನೂ ಹೊದಿಸ್ತಾ ಇದ್ದ."

"ಹಂಗಾರೆ ಆನು ಒಂದು ನಿದ್ದೆ ತೆಗೀತಿ. ರಾಮ ಬಂದ್ಮೇಲೆ ಎಬ್ಸು."

ಒಂಬತ್ತೂ ಮುಕ್ಕಾಲಿಗೆ ರಾಮ ಬಂದ. ರಾಮ ನಿರ್ಯಾಣ ಕಟ್ಟಿದವರು ಇದೇ ಶಿರಸಿ ತಾಲೂಕಿನ ಹೊಸ್ತೋಟ ಮಂಜುನಾಥ ಭಾಗವತರು. ನೂರಾರು ಪ್ರಸಂಗ ಬರೆದರು, ಅಂಧ ಮಕ್ಕಳಿಗೂ ಹೆಜ್ಜೆ ಕಲಿಸಿದರು, 2020ರ ಜನವರಿಯಲ್ಲಿ ತೀರಿಕೊಂಡರು. ಕಥೆಯ ಗಂಟು ಎಲ್ಲರಿಗೂ ಗೊತ್ತು. ಕಾಲಪುರುಷ ರಾಮನಲ್ಲಿಗೆ ಬಂದು ಏಕಾಂತ ಕೇಳುತ್ತಾನೆ. ನಡುವೆ ಯಾರೂ ಒಳಗೆ ಬರಬಾರದು, ಬಂದವನಿಗೆ ಮರಣದಂಡನೆ. ಬಾಗಿಲಲ್ಲಿ ಲಕ್ಷ್ಮಣನ ಕಾವಲು. ಅಂದು ಕಾಲಪುರುಷ ಅದೇ ಷರತ್ತು ಹಾಕುತ್ತಿದ್ದ, ಮೈದಾನ ಉಸಿರು ಹಿಡಿದಿತ್ತು. ಆಗ ಸಂಘದ ಕಾರ್ಯದರ್ಶಿ ಮೈಕು ಹಿಡಿದು ರಂಗಕ್ಕೆ ಹತ್ತಿದರು. "ಪ್ರೇಕ್ಷಕರಲ್ಲಿ ಕ್ಷಮೆ ಇರಲಿ. ತಡವಾಗಿ ಆಗಮಿಸಿದ ಗಣ್ಯರೊಬ್ಬರಿಗೆ ಕಿರು ಸನ್ಮಾನ."

ಭಾಗವತರು ತಾಳ ಕೆಳಗಿಟ್ಟರು. ರಾಮ ಒಂದು ಪಕ್ಕಕ್ಕೆ, ಕಾಲಪುರುಷ ಇನ್ನೊಂದು ಪಕ್ಕಕ್ಕೆ ಸರಿದು ಫೋಟೋಕ್ಕೆ ನಿಂತರು. ಫಲದ ಬುಟ್ಟಿಯನ್ನು ರಾಮನ ಕೈಯಿಂದಲೇ ಕೊಡಿಸಿದರು. ದೂರ್ವಾಸನಿಗೂ ಇಷ್ಟು ಧೈರ್ಯ ಇರಲಿಲ್ಲ. ಅವನು ಬಾಗಿಲಲ್ಲಿ ನಿಂತು ಬೆದರಿಸಿದ, ಒಳಗೆ ಬಂದು ಶಾಲು ಹೊದಿಸಲಿಲ್ಲ. ಕಥೆಯ ನ್ಯಾಯದ ಪ್ರಕಾರ ಕಾರ್ಯದರ್ಶಿಗಳು ಲಕ್ಷ್ಮಣನಂತೆ ಆ ರಾತ್ರಿಯೇ ಸರಯೂ ನದಿಗೆ ಹೋಗಬೇಕಿತ್ತು. ಅವರು ಊಟದ ಪಂಕ್ತಿಗೆ ಹೋದರು.

ಎದ್ದ ರಸ ಮತ್ತೆ ಕೂತರೆ ಏಳಿಸುವುದು ಸುಲಭವಲ್ಲ. ಜೊತೆಗೆ ಕಾಲಮಿತಿಯ ಆಟ. ಹನ್ನೆರಡೂವರೆಗೆ ಮುಗಿಯಲೇಬೇಕು. ಭಾಗವತರಿಗೆ ಚೀಟಿ ಹೋಯಿತು: ಪದ್ಯ ಕಡಿಮೆ ಮಾಡಿ. ಲಕ್ಷ್ಮಣ ಅಣ್ಣನನ್ನು ಬಿಟ್ಟು ಹೋಗುವ ಜಾಗ, ದೊಡ್ಡಪ್ಪ ನಿದ್ದೆ ಬಿಟ್ಟು ಕಾದದ್ದೇ ಅದಕ್ಕೆ, ಎರಡು ಪದ್ಯದಲ್ಲಿ ತೀರಿತು. ಸಭೆಗೂ ಎಂಟು ಶಾಲಿಗೂ ಎರಡೂವರೆ ತಾಸು, ಲಕ್ಷ್ಮಣನ ವಿದಾಯಕ್ಕೆ ಆರು ನಿಮಿಷ.

ಈಗ ಲೆಕ್ಕಕ್ಕೆ ಬರುತ್ತೇನೆ. ಹಿಂದೆ ಆಟಕ್ಕೆ ಒಂದು ಪೂರ್ವರಂಗವಿತ್ತು. ಮೊದಲು ಕೋಡಂಗಿ ಬಂದು ಕುಣಿಯುತ್ತಿತ್ತು, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಹೆಜ್ಜೆ ಕಲಿಯುವ ಹುಡುಗರು ರಂಗದ ಭಯ ಕಳೆದುಕೊಳ್ಳುತ್ತಿದ್ದುದು ಅಲ್ಲಿ. ಕೋಡಂಗಿಯಾಗಿ ಹೊಕ್ಕವನು ವರ್ಷಗಳ ನಂತರ ಎರಡನೇ ವೇಷದಂಥ ದೊಡ್ಡ ಪಾತ್ರಕ್ಕೆ ಬರುತ್ತಿದ್ದ. ಕಾಲಮಿತಿ ಬಂದಾಗ, ಜನರಿಗೆ ಪುರುಸೊತ್ತಿಲ್ಲ ಎಂದು ಮೊದಲು ಕತ್ತರಿ ಹಾಕಿದ್ದು ಈ ಪೂರ್ವರಂಗಕ್ಕೆ. ಸರಿ, ಜನರಿಗೆ ಪುರುಸೊತ್ತಿಲ್ಲ. ಹಾಗಾದರೆ ಉಳಿದ ಆ ಹೊತ್ತು ಎಲ್ಲಿ ಹೋಯಿತು? ಹುಡುಗರನ್ನು ಇಳಿಸಿ ಖಾಲಿ ಮಾಡಿದ ರಂಗದ ಮೇಲೆ ಸಾಲಾಗಿ ಕುರ್ಚಿ ಹಾಕಿದೆವು. ಪೂರ್ವರಂಗ ಹೋಗಲಿಲ್ಲ, ಪಾತ್ರಧಾರಿಗಳು ಬದಲಾದರು. ಕೋಡಂಗಿಗಾದರೂ ತಾಳಕ್ಕೆ ಕುಣಿಯಲು ಬರುತ್ತಿತ್ತು.

ಇದಕ್ಕೆ ನಮ್ಮ ಸೀಮೆಯೇ ಕಾರಣ, ಇಲ್ಲಿಯ ನೆಲವೇ ಹೀಗೆ ಎಂದು ಕೆಲವರು ಹೇಳುತ್ತಾರೆ. ಸುಳ್ಳು. ಸಿದ್ದಾಪುರದ ಗಡಿಯಾಚೆ ಸಾಗರ ತಾಲೂಕಿನ ಹೆಗ್ಗೋಡಿನಿಂದ ನೀನಾಸಮ್ ತಿರುಗಾಟ 1985ರಿಂದ ಹೊರಡುತ್ತಿದೆ. 'ತಿರುಗಾಟ' ಎಂಬುದು ಮೇಳದವರ ಮಾತು, ಕೆ.ವಿ. ಸುಬ್ಬಣ್ಣನವರ ಆಧುನಿಕ ರಂಗಭೂಮಿ ಅದನ್ನೇ ತನ್ನದಾಗಿಸಿಕೊಂಡಿತು, ಶಾಲನ್ನಲ್ಲ. ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಸಿದ್ದಿಗಳನ್ನು ಸೇರಿಸಿ ಚಿನುವಾ ಅಚೆಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದರು. ಆ ಸಮುದಾಯದಿಂದ ಮುಂದೆ ರಂಗಶಾಲೆ ಕಲಿತ ನಟರು ಬಂದರು, ಸಿನಿಮಾದಲ್ಲಿ ಮುಖ ಗುರುತಾದ ಪ್ರಶಾಂತ ಸಿದ್ದಿಯಂಥವರೂ ಬಂದರು. ಅವರನ್ನು ಬೆಳೆಸಿದ್ದು ತಾಲೀಮು. ಆಶಯ ನುಡಿಯಿಂದ ನಟ ಹುಟ್ಟಿದ್ದನ್ನು ಯಾರೂ ಕಂಡಿಲ್ಲ.

ಶಿರಸಿಯಲ್ಲೇ ಇನ್ನೂ ಒಳ್ಳೆಯ ಮಾದರಿ ಇದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಎರಡು ಕಡೆ ಹಗ್ಗ ಹಿಡಿದವರು, ತಮಟೆ ಬಿದ್ದ ಕೂಡಲೇ ಬೇಡ ಅಬ್ಬರಿಸುತ್ತ ಬೀದಿಗೆ ನುಗ್ಗುತ್ತಾನೆ. ಪ್ರಾಸ್ತಾವಿಕ ಇಲ್ಲ. ಅಧ್ಯಕ್ಷರು ಎದುರಿಗಿದ್ದರೆ ಅಧ್ಯಕ್ಷರೇ ಓಡಬೇಕು. ಎಲ್ಲ ಸಂಘಗಳೂ ಸಭೆಯ ನಿರೂಪಣೆಯನ್ನು ಬೇಡರ ವೇಷದವರಿಗೆ ವಹಿಸಿದರೆ ಒಳಿತೆಂದು ನಾನು ಲಿಖಿತವಾಗಿ ಸೂಚಿಸಿದ್ದೆ. ಸೂಚನೆ ಮೆಚ್ಚಿ ನನಗೊಂದು ಸನ್ಮಾನ ಇಡುವುದಾಗಿ ಉತ್ತರ ಬಂತು.

ಫ್ರೆಂಚರಿಗೂ ಅಧ್ಯಕ್ಷರಿಲ್ಲದ ಆ ರಂಗ ಪುಕ್ಕಟೆ ದಕ್ಕಲಿಲ್ಲ. ಅವರ ದೊಡ್ಡ ನಾಟಕಕಾರ ಮೊಲಿಯೇರ್ ಸ್ವಂತ ಕಂಪನಿ ಕಟ್ಟಿ ಮುಳುಗಿದವನು. 1645ರಲ್ಲಿ ರಂಗದ ದೀಪಕ್ಕೆ ಮೇಣದಬತ್ತಿ ಕೊಟ್ಟವನ ಸಾಲ ತೀರಿಸಲಾಗದೆ ಜೈಲಿಗೆ ಹೋದ. ಬಿಡುಗಡೆಯಾಗಿ ಬಂದು 1658ರವರೆಗೆ ಹಳ್ಳಿ ಪೇಟೆ ಸುತ್ತಿದ. ಹದಿಮೂರು ವರ್ಷದ ತಿರುಗಾಟ. ಜನರೇಟರ್ ಬಾಡಿಗೆ ಕಟ್ಟಲು ಪರದಾಡಿದ ನಮ್ಮ ಮೇಳದ ಯಜಮಾನರು ಅವನನ್ನು ದಾಯಾದಿ ಎಂದೇ ತಿಳಿದಾರು. ಅವನ ಕಪಟ ಭಕ್ತನ ನಾಟಕ 1664ರಲ್ಲಿ ನಿಷೇಧವಾಗಿ, 1669ರಲ್ಲಿ ಬಿಡುಗಡೆಯಾಯಿತು. ಅದೇ ಕನ್ನಡದಲ್ಲಿ ಎ.ಎನ್. ಮೂರ್ತಿರಾಯರ 'ಆಷಾಢಭೂತಿ'. ಮೇಲೆ ಭಕ್ತಿ, ಒಳಗೆ ಬೇರೆ. ಇಂದು ಆ ಪಾತ್ರ ದೇವರ ಭಕ್ತಿ ಬಿಟ್ಟು ಕಲೆಯ ಭಕ್ತಿ ಹಿಡಿದಿದೆ. ಆಷಾಢ ಕಳೆದು ಕಾರ್ತಿಕದಲ್ಲೂ ವೇದಿಕೆ ಇಳಿಯುತ್ತಿಲ್ಲ.

1673ರ ಫೆಬ್ರವರಿ 17ರಂದು ಮೊಲಿಯೇರ್ ರೋಗಭ್ರಮೆಯವನ ಪಾತ್ರ ಮಾಡುತ್ತಿದ್ದಾಗ ನಿಜವಾಗಿಯೇ ಕುಸಿದ. ಆಟ ಮುಗಿಸಿ ಮನೆಗೆ ಹೋಗಿ ಅದೇ ರಾತ್ರಿ ಸತ್ತ. 2009ರ ಫೆಬ್ರವರಿ 3ರಂದು ಇಡಗುಂಜಿಯಲ್ಲಿ ಕೆರೆಮನೆ ಶಂಭು ಹೆಗಡೆ ವೇಷ ಕಟ್ಟಿ ರಂಗದ ಮೇಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅವರ ತಂದೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಮೇಳಕ್ಕೆ ಎಷ್ಟೋ ವರ್ಷ ಹಾಡಿದ ನೆಬ್ಬೂರು ನಾರಾಯಣ ಭಾಗವತರು ನಮ್ಮ ಶಿರಸಿ ಕಡೆಯವರೇ. ರಂಗವೆಂದರೆ ಇಂಥವರಿಗೆ ಪ್ರಾಣ ಇಡುವ ಜಾಗ. ನಮಗೆ ಅದು ಕುರ್ಚಿ ಇಡುವ ಜಾಗ.

ಅಣ್ಣನ ಮಗಳು ಮೊನ್ನೆ ವಾಪಸು ಹೋದಳು. ಪುಸ್ತಿಕೆಯನ್ನು ದೊಡ್ಡಪ್ಪ ಬಿಟ್ಟುಕೊಡಲಿಲ್ಲ. ಆಟ ಮುಗಿಸಿ ಮನೆಗೆ ಬಂದ ರಾತ್ರಿ, ಆರು ನಿಮಿಷದ ಲಕ್ಷ್ಮಣನ ಸಿಟ್ಟು ಇಳಿಯದೆ, ಅದನ್ನು ಮತ್ತೆ ತೆಗೆದು ನೋಡಿದರು. "ಮೂರೇ ಸಲ ಕುಟ್ತನ?" ಎಂದು ಕೇಳಿದರು. ಹೌದೆಂದೆ. ಮೂಲೆಯಲ್ಲಿದ್ದ ಊರುಗೋಲು ತೆಗೆದು ಜಗುಲಿಗೆ ಮೂರು ಸಲ ಕುಟ್ಟಿ ನೋಡಿದರು.

ಬೋರ್ಡೋ ಬಂದಿದೆ, ಆಷಾಢಭೂತಿಯೂ ಬಂದಿದ್ದಾನೆ. ಇನ್ನು ಆ ಕೋಲೊಂದು ಬರಬೇಕು.

ಅಲ್ಲಿಯವರೆಗೆ ಓದುಗರಿಗೆ ಒಂದು ತಿಳುವಳಿಕೆ. ಈ ಹಂಗಾಮಿನಲ್ಲಿ ಆಮಂತ್ರಣ ಬಂದರೆ ಕೆಳಗಿನಿಂದ ಮೇಲಕ್ಕೆ ಓದಿ, ಮೊದಲ ಸಾಲಿಗೆ ನಿಲ್ಲಿಸಿ. ಕಾರ್ಡಿನಲ್ಲಿ ಆರು ಗಂಟೆ ಎಂದಿದ್ದರೆ ಮನೆಯಲ್ಲಿ ಊಟ ಮುಗಿಸಿ, ಒಂಬತ್ತೂವರೆಗೆ ಹೊರಡಿ. ಸಭೆಗೆ ಖಾಲಿ ಚಾಪೆ ಸಾಕು. ಎರಡು ವರ್ಷ ಖಾಲಿ ಚಾಪೆಗೆ ಭಾಷಣ ಮಾಡಿದರೆ ಕೋಡಂಗಿ ತಾನಾಗಿ ವಾಪಸು ಬರುತ್ತದೆ.